ನಮ್ಮವ್ವ ಹೇಳಿದ್ದು ‘ಬ್ಯಾಡ’ ಎಂದು

ಹೆಬ್ಬಾಳದ ಗಾಜಿನ ಕಟ್ಟಡದಲ್ಲಿ ಕೂತು ನಮ್ಮ ಬೀದಿಗಳ ಭವಿಷ್ಯ ನೋಡಿಕೊಳ್ಳುತ್ತಿರುವ ಮಾನ್ಯ ನಿರ್ದೇಶಕರೇ,

ನಿಮ್ಮ ಅಂತರರಾಷ್ಟ್ರೀಯ ಸಂಸ್ಥೆ ಈಚೆಗೆ ಹೊರತಂದ ವರದಿಯಲ್ಲಿ ಒಂದು ಸುಳ್ಳಿದೆ. ಯಶವಂತಪುರದ ಸಗಟು ಮಾರುಕಟ್ಟೆಯ ಹಿಂದಿನ ಬೀದಿಯನ್ನು ಹೊಸದಾಗಿ ರೂಪಿಸುವ ಯೋಜನೆಯನ್ನು ಅಲ್ಲಿನ ದುಡಿಯುವ ಹೆಂಗಸರ ಪರವಾಗಿ ದಾನವ್ವ ಎಂಬ ಹಿರಿಯ ಮಹಿಳೆ ‘ತುಂಬುಹೃದಯದಿಂದ ಸ್ವಾಗತಿಸಿದರು’ ಎಂದು ಅಲ್ಲಿ ಬರೆದಿದೆ. ದಾನವ್ವ ಸ್ವಾಗತಿಸಲಿಲ್ಲ. ‘ಬ್ಯಾಡ’ ಅಂದರು. ನೀವೂ ನಾನೂ ಕೂತಿದ್ದ ಸಭಾಂಗಣದಲ್ಲಿ, ಮೈಕಿನ ಮುಂದೆ ನಿಂತು ಅಂದರು. ಅವರ ಮಾತು ಆ ಕ್ಷಣ ನಿಮಗೆ ಅರ್ಥವಾಗಲಿಲ್ಲ ಎಂಬುದು ತಪ್ಪಲ್ಲ. ಅರ್ಥವಾದ ಮೇಲೂ ಅದನ್ನು ಸ್ವಾಗತವೆಂದೇ ಅಚ್ಚು ಹಾಕಿಸಿದಿರಲ್ಲ, ಅದಕ್ಕೆ ಏನೆನ್ನಬೇಕು?

ದಾನವ್ವ ನನ್ನ ತಾಯಿ. ನಾನು ನಿಮ್ಮದೇ ಸಂಸ್ಥೆಯ ಸಾಮಾಜಿಕ ನೀತಿ ವಿಭಾಗದಲ್ಲಿ ಕೆಲಸ ಮಾಡುವ ಪ್ರತಿಭಾ. ಸಿಬ್ಬಂದಿಯವರು ಪತ್ರಿಕೆಗಳಿಗೆ ಬರೆಯುವಂತಿಲ್ಲ ಎಂಬ ನಿಯಮ ನನಗೆ ಗೊತ್ತಿದೆ. ಕಚೇರಿಯೊಳಗೆ ಬರೆದದ್ದಕ್ಕೆಲ್ಲ ‘ನಿಮ್ಮ ಕಳಕಳಿಯನ್ನು ಗಮನಿಸಲಾಗಿದೆ’ ಎಂಬ ಒಂದೇ ಉತ್ತರ ಬಂದದ್ದರಿಂದ, ಗಮನಿಸುವ ಕೆಲಸವನ್ನು ಇನ್ನಷ್ಟು ಜನರಿಗೆ ಹಂಚೋಣವೆಂದು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದೂ ಬೇಕೆಂದೇ. ಯಾರಿಂದಲಾದರೂ ಅನುವಾದ ಮಾಡಿಸಿಕೊಂಡು ಓದಿ. ಮೆತ್ತಗೆ ಮಾಡದೆ ಅನುವಾದಿಸುವವರು ಸಿಕ್ಕರೆ ಇನ್ನೂ ಒಳ್ಳೆಯದು.

ಅವ್ವ ಬಾಗಲಕೋಟೆ ಕಡೆಯವಳು. (ದಾನವ್ವ ‘ಅವರು’ ಎಂಬ ಬಹುವಚನವನ್ನು ನಿಮ್ಮ ವರದಿಗೇ ಬಿಟ್ಟು, ಇನ್ನು ಮುಂದೆ ಅವ್ವ ಎಂದೇ ಕರೆಯುತ್ತೇನೆ.) ಅಪ್ಪನಿಗೆ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಸಿಕ್ಕಾಗ ಅವಳೂ ಜೊತೆಗೆ ಬಂದು, ಈರುಳ್ಳಿ ಆರಿಸುವ ಹೆಂಗಸರ ಸಾಲಿನಲ್ಲಿ ಕೂತಳು. ಕೊಳೆತದ್ದು ಒಂದು ಕಡೆ, ಮೊಳೆತದ್ದು ಒಂದು ಕಡೆ, ಗಟ್ಟಿ ಗಡ್ಡೆ ಚೀಲಕ್ಕೆ. ಆ ಸಾಲಿನ ಹೆಂಗಸರೆಲ್ಲರ ಬಳಿಯೂ ಕೂಸುಗಳಿದ್ದವು. ಕೂಸುಗಳು ಮಲಗುತ್ತಿದ್ದುದು ಖಾಲಿ ಚೀಲಗಳ ಮೇಲೆ, ಬಂದು ಹೋಗುವ ಲಾರಿಗಳ ನಡುವೆ. ನಾನೂ ಹಾಗೇ ಮಲಗಿ ಬೆಳೆದವಳು. ನನ್ನ ತಮ್ಮ ಸಿದ್ದಲಿಂಗನೂ ಹಾಗೇ ಮಲಗಿದ್ದ. ಒಂದು ದಿನ ನಿದ್ದೆಯಿಂದ ಎದ್ದು ಅವ್ವನನ್ನು ಹುಡುಕಿಕೊಂಡು ಅಂಬೆಗಾಲಿನಲ್ಲಿ ಹೊರಟ. ಅದೇ ಹೊತ್ತಿಗೆ ಒಂದು ಲಾರಿ ಹಿಂದಕ್ಕೆ ಬಂತು. ಡ್ರೈವರಿಗೆ ಕಾಣಲಿಲ್ಲ. ಹೇಗೆ ತಾನೇ ಕಂಡೀತು? ಸಿದ್ದಲಿಂಗನ ಎಡ ಪಾದ ಚಕ್ರದ ಕೆಳಗೆ ಹೋಯಿತು. ಅವನು ಬದುಕಿದ. ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಾನೆ, ಟಿ. ದಾಸರಹಳ್ಳಿಯಲ್ಲಿ ಸಂಸಾರ ಹೂಡಿದ್ದಾನೆ. ಎಡಗಾಲಿನ ಬೂಟಿನ ತುದಿಗೆ ಇವತ್ತಿಗೂ ಬಟ್ಟೆ ತುರುಕಿಕೊಂಡೇ ಕೆಲಸಕ್ಕೆ ಹೋಗುವುದು.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಅವ್ವ ಈರುಳ್ಳಿ ಆರಿಸಲು ಹೋಗಲಿಲ್ಲ. ಮಾರುಕಟ್ಟೆಯ ಹಿಂಗೋಡೆಗೆ ಒರಗಿದಂತೆ ಲಾರಿ ತೂಕ ಮಾಡುವವರು ಬಿಟ್ಟುಹೋದ ಒಂದು ಪಾಳು ಕೋಣೆ ಇತ್ತು. ನಮ್ಮ ವಠಾರದ ಅಕ್ಬರಿ ಚಾಚಿಯನ್ನು ಕರೆದುಕೊಂಡು ಹೋಗಿ ಅದನ್ನು ಗುಡಿಸಿ, ಸುಣ್ಣ ಬಳಿದು, ತೊಲೆಗೆ ಸೀರೆಯ ಜೋಲಿ ಕಟ್ಟಿ, ಸಾಲಿನಲ್ಲಿ ಕೂತ ಹೆಂಗಸರಿಗೆಲ್ಲ ಹೇಳಿದಳು: “ಕೂಸುಗಳನ್ನ ಇಲ್ಲಿ ಬಿಟ್ಟು ಹೋಗ್ರಿ. ನಾವಿಬ್ರೂ ನೋಡ್ಕೋತೀವಿ.” ಅಂದಿನಿಂದ ಆ ಕೋಣೆಗೆ ಎಲ್ಲರೂ ಅವ್ವನ ಮಾತಿನಲ್ಲೇ ‘ಖೋಲಿ’ ಎನ್ನತೊಡಗಿದರು. ಅಲ್ಲಿ ಮಲಗಿ ಬೆಳೆದ ಮಕ್ಕಳೀಗ ಮಕ್ಕಳ ತಾಯಂದಿರು. ಖೋಲಿ ಇದ್ದಷ್ಟು ಕಾಲ ಆ ಬೀದಿಯಲ್ಲಿ ಒಂದು ಕೂಸೂ ಲಾರಿಯ ಕೆಳಗೆ ಬರಲಿಲ್ಲ. ಸಾಮಾಜಿಕ ಭದ್ರತೆ ಎಂದರೇನು ಎಂದು ನಿಮ್ಮ ಕಚೇರಿಯಲ್ಲಿ ಆಗಾಗ ಕಾರ್ಯಾಗಾರಗಳು ನಡೆಯುತ್ತವೆ. ನನಗೆ ಅದರ ಅರ್ಥ ಗೊತ್ತಾದದ್ದು ಅಲ್ಲಿ.

ಇದನ್ನೆಲ್ಲ ನಾನು ಮುಚ್ಚಿಟ್ಟವಳಲ್ಲ. ಕೆಲಸದ ಸಂದರ್ಶನದಲ್ಲಿ ಹೀಗೆಯೇ ಹೇಳಿದ್ದೆ. ಆಗ ಮೇಜಿನ ಆಚೆ ಕೂತಿದ್ದ ನೀವು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಿರಿ. ‘ಪುಸ್ತಕದಿಂದ ಬಾರದ ಅನುಭವ ನಮಗೆ ಬೇಕಾಗಿದೆ’ ಅಂದಿರಿ. ನನ್ನ ಬಾಲ್ಯ ಸಂಸ್ಥೆಯ ಪರಿಚಯ ಪುಸ್ತಿಕೆಯಲ್ಲಿ ನನ್ನ ಫೋಟೋ ಸಮೇತ ಅಚ್ಚಾಯಿತು. ಹೊರದೇಶದ ಅತಿಥಿಗಳು ಬಂದಾಗಲೆಲ್ಲ ‘ಇವರು ಮಾರುಕಟ್ಟೆಯಲ್ಲಿ ಬೆಳೆದವರು’ ಎಂದೇ ನನ್ನನ್ನು ಪರಿಚಯಿಸಿದಿರಿ. ನಾನೂ ಹೆಮ್ಮೆಯಿಂದ ಕೈ ಕುಲುಕಿದೆ.

ಆಮೇಲೆ ಬಂದದ್ದು ಈ ಬೀದಿಯ ಯೋಜನೆ. ಸಾಮಾಜಿಕ ಪರಿಣಾಮದ ಅಧ್ಯಯನ ನನ್ನ ಪಾಲಿಗೆ ಬಂತು. ನಕ್ಷೆ ಬಿಡಿಸಿ ನೋಡಿದರೆ ಖೋಲಿ ಇದ್ದ ಜಾಗದಲ್ಲಿ ಗ್ರಾನೈಟ್ ಬೆಂಚುಗಳ ಒಂದು ಅಂಗಳ, ಅದರ ಮೇಲೆ ಉಕ್ಕಿನ ಕಂಬಗಳ ನೆರಳಿನ ಚಪ್ಪರ, ಕುಂಡಗಳಲ್ಲಿ ಗಿಡ. ಚೆನ್ನಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಅಂಗಳವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಖೋಲಿಯನ್ನು ಉಳಿಸಿ, ಸಾಧ್ಯವಾದರೆ ಒಂದು ನಲ್ಲಿ, ಒಂದು ಶೌಚಾಲಯ ಕಟ್ಟಿಸಿ ಎಂದು ಬರೆದುಕೊಟ್ಟೆ. ‘ಜನಾಭಿಪ್ರಾಯ ಸಭೆಯಲ್ಲಿ ಚರ್ಚಿಸೋಣ’ ಅಂದಿರಿ. ಸಭೆಗೆ ಬಂದು ಮಾತಾಡಲು ಹೆಂಗಸರು ಅವ್ವನನ್ನು ಆರಿಸಿದರು.

ಸಭೆ ನಡೆದದ್ದು ಎಲ್ಲಿ? ಬೀದಿಯಲ್ಲಿ ಅಲ್ಲ. ಹೆಬ್ಬಾಳ ಮೇಲ್ಸೇತುವೆಯ ಪಕ್ಕದ ಹೋಟೆಲಿನಲ್ಲಿ. ಎ.ಸಿ.ಯ ಚಳಿಗೆ ಅವ್ವ ಸೆರಗನ್ನು ಎರಡು ಸುತ್ತು ಹೊದ್ದುಕೊಂಡಿದ್ದಳು. ನಿಮಗೆಲ್ಲ ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟಿದ್ದರು, ಹಿಂದೆ ಕೂತ ಅನುವಾದಕರು ಹೇಳಿದ್ದು ಅದರಲ್ಲಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅವ್ವನ ಸರದಿ ಬಂದಾಗ ನಿರೂಪಕಿ ಕೇಳಿದರು: “ಅಮ್ಮಾ, ಹೊಸ ಬೀದಿಯ ಬಗ್ಗೆ ನಿಮ್ಮ ಕನಸು ಏನು?”

“ಕನಸು ಏನೂ ಇಲ್ರೀ,” ಅಂದಳು ಅವ್ವ. “ಆ ಖೋಲಿ ಒಂದು ಇರಲಿ. ಅದನ್ನ ಕೆಡವಿದ್ರ ಕೂಸುಗಳು ಮತ್ತ ಲಾರಿ ಕೆಳಗ ಬರ್ತಾವ. ನನ್ನ ಮಗನ ಕಾಲು ಹಂಗ ಹೋಗೇದ. ಖೋಲಿ ಕೆಡವೋದಾದ್ರ ನಿಮ್ಮ ಬೀದಿ ನಮಗ ಬ್ಯಾಡ. ಬ್ಯಾಡಂದ್ರ ಬ್ಯಾಡ.”

ನನ್ನ ಕಿವಿಯಲ್ಲೂ ಆ ಯಂತ್ರವಿತ್ತು. ಅದರಲ್ಲಿ ಬಂದದ್ದು ಇಷ್ಟು: ಮಾರುಕಟ್ಟೆಯ ಮಹಿಳೆಯರು ಈ ಯೋಜನೆಯನ್ನು ತುಂಬುಹೃದಯದಿಂದ ಸ್ವಾಗತಿಸುತ್ತಾರೆ, ಮಕ್ಕಳ ಸುರಕ್ಷತೆಗೆ ಆದ್ಯತೆ ಕೊಡಬೇಕೆಂದು ಕೋರುತ್ತಾರೆ. ಸಭಾಂಗಣ ಚಪ್ಪಾಳೆ ತಟ್ಟಿತು. ನೀವೂ ತಟ್ಟಿದಿರಿ. ಅವ್ವನ ಮುಖ ಅರಳಿತು. ಮೈಕು ಬಿಟ್ಟು ನನ್ನ ಕಡೆ ತಿರುಗಿ ಕೇಳಿದಳು: “ಒಪ್ಪಿದ್ರೇನವಾ?”

“ಇಲ್ಲವ್ವ. ನೀನ ಒಪ್ಪೀ ಅಂತ ಹೇಳ್ಯಾರ.”

“ನಾ ಎಲ್ಲಿ ಒಪ್ಪೀನಿ?”

ಆ ಪ್ರಶ್ನೆ ಕೇಳಿದ ಮೇಲೂ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ಎದ್ದು ಹೋಗಿ ಮೈಕು ತೆಗೆದುಕೊಂಡು, ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಲಾರಿ, ಕಾಲು, ಬೇಡ, ಎಲ್ಲವನ್ನೂ. ಚಪ್ಪಾಳೆ ಬರಲಿಲ್ಲ. ನೀವು ಮುಂದಿನ ಸಾಲಿನಿಂದ ಕೇಳಿದಿರಿ, ‘ಪ್ರತಿಭಾ, ಇವರು ನಿಮ್ಮ ತಾಯಿಯಲ್ಲವೇ?’ ಹೌದು ಎಂದೆ. ‘ಹಾಗಾದರೆ ಇದು ಹಿತಾಸಕ್ತಿಯ ಸಂಘರ್ಷ, ನೀವು ಈ ವಿಷಯದಲ್ಲಿ ಮಾತಾಡುವುದು ಸರಿಯಲ್ಲ’ ಅಂದಿರಿ.

ಮಾನ್ಯರೇ, ಅತಿಥಿಗಳ ಮುಂದೆ ನನ್ನ ಬಾಲ್ಯವನ್ನು ಹೂಗುಚ್ಛದ ಹಾಗೆ ಹಿಡಿದುಕೊಡುತ್ತಿದ್ದವರು ನೀವೇ ಅಲ್ಲವೇ? ಅದೇ ಬಾಲ್ಯ ಎದ್ದು ನಿಂತು ಬಾಯಿ ಬಿಟ್ಟ ಕೂಡಲೇ ‘ಹಿತಾಸಕ್ತಿಯ ಸಂಘರ್ಷ’ ಆಗಿದ್ದು ಹೇಗೆ? ಆ ಬೀದಿಯಲ್ಲಿ ಮಗನ ಪಾದ ಕಳೆದುಕೊಂಡವಳಿಗೆ ಹಿತಾಸಕ್ತಿ ಇರದೆ, ಆ ಬೀದಿಯನ್ನು ಕಾರಿನ ಕಿಟಕಿಯಿಂದ ನೋಡಿದವರಿಗೆ ಇರುತ್ತದೆಯೇ? ಹಿತಾಸಕ್ತಿ ಇಲ್ಲದವರೇ ತೀರ್ಮಾನ ಮಾಡಬೇಕೆಂಬ ನೀತಿ ಇದ್ದರೆ, ಬೀದಿಯ ಜನರನ್ನು ಹೋಟೆಲಿಗೆ ಕರೆಸಿ ಊಟ ಹಾಕಿಸುವ ಶ್ರಮವಾದರೂ ಯಾಕೆ?

ಅನುವಾದಕ ಶಿವರಾಮ್ ಅವರ ಮೇಲೆ ನನಗೆ ಸಿಟ್ಟಿಲ್ಲ. ಊಟದ ಹೊತ್ತಿಗೆ ಅವರೇ ಹುಡುಕಿಕೊಂಡು ಬಂದರು. “ಬೇಜಾರ್ ಮಾಡ್ಕೋಬೇಡಿ ಮೇಡಂ. ಯಾರಾದ್ರೂ ಒರಟಾಗಿ ಮಾತಾಡಿದ್ರೆ ಸ್ವಲ್ಪ ಮೆತ್ತಗೆ ಮಾಡಿ ಅಂತ ಮೊದ್ಲೇ ಹೇಳಿದ್ರು ಕಣ್ರೀ. ನನ್ನನ್ನೂ ಮುಂದಿನ ಸಲ ಕರೀಬೇಕಲ್ಲ?” ಅಂದರು. ಅವ್ವ ಅವರ ತಟ್ಟೆ ನೋಡಿ, “ಉಣ್ಣಪಾ, ಆರಿ ಹೋಗ್ತದ” ಅಂದಳು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಹೇಳಿಕೊಟ್ಟವರು ಯಾರೆಂದು ಇವತ್ತಿಗೂ ಕೇಳುತ್ತಿದ್ದೇನೆ.

ಮಾರನೆಯ ದಿನವೇ ನನ್ನನ್ನು ಯೋಜನೆಯಿಂದ ತೆಗೆದು ಬೇರೆ ನಗರಗಳ ದಾಖಲೆ ಕೆಲಸಕ್ಕೆ ಹಾಕಿದಿರಿ. ಸ್ವಲ್ಪ ದಿನದಲ್ಲಿ ದೆಹಲಿಯ ಒಂದು ಕಾರ್ಯಾಗಾರಕ್ಕೆ ಕಳಿಸಿದಿರಿ. ವಿಷಯ, ‘ಎಲ್ಲರನ್ನೂ ಒಳಗೊಳ್ಳುವ ನಗರ’. ಅಲ್ಲಿ ಬೆಳಗಿನ ಗೋಷ್ಠಿಯಲ್ಲಿ ಕೂತಿದ್ದಾಗ ಅಕ್ಬರಿ ಚಾಚಿಯ ಫೋನ್ ಬಂತು.

“ಬೇಟಾ, ಜೆಸಿಬಿ ಬಂದೈತೆ. ನಿಮ್ಮಮ್ಮ ಹೊಸ್ತಿಲ ಮೇಲೇ ಕೂತವ್ರೆ, ಏಳಲ್ಲ ಅಂತಾರೆ.”

“ಮಕ್ಕಳು ಎಲ್ಲಿದಾರೆ ಚಾಚಿ?”

“ಒಳಗಿಂದ ಎಲ್ರನ್ನೂ ಎತ್ಕೊಂಡ್ ಬಂದ್ವಿ. ನಿಮ್ಮಮ್ಮಂಗೆ ನೀನೇ ಹೇಳು, ನನ್ನ ಮಾತು ಕೇಳ್ತಿಲ್ಲ.”

ಫೋನು ಅವ್ವನ ಕೈಗೆ ಹೋಯಿತು. ಏಳವ್ವ ಎಂದು ನಾನೇ ಬೇಡಿಕೊಂಡೆ. ಆ ಕಡೆಯಿಂದ ಯಂತ್ರದ ಸದ್ದು ಕೇಳುತ್ತಿತ್ತು. ಬಳಿಕ ಅವಳು ಎದ್ದು ಬಂದಳೆಂದು ಚಾಚಿ ಹೇಳಿದಳು. ನಾನು ಗೋಷ್ಠಿಗೆ ಮರಳದೆ, ಸಿಕ್ಕ ವಿಮಾನ ಹತ್ತಿ ಬಂದೆ. ಯಶವಂತಪುರ ತಲುಪಿದಾಗ ಖೋಲಿಯ ಜಾಗದಲ್ಲಿ ಇಟ್ಟಿಗೆಯ ಗುಡ್ಡೆ ಇತ್ತು. ಜೋಲಿಯ ಸೀರೆಗಳನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಅವ್ವ ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡಲಾದರೂ ಒಂದು ದಾರಿ ಇರುತ್ತಿತ್ತು.

ಕೂಸುಗಳು ಮತ್ತೆ ಚೀಲಗಳ ಮೇಲೆ ಬಂದವು. ಕೆಲವು ಹೆಂಗಸರು ಕೆಲಸವನ್ನೇ ಬಿಟ್ಟರು. ನಿಮ್ಮ ಅಂಗಳ ಮಾತ್ರ ಬೇಗ ಬೇಗ ಎದ್ದು ನಿಂತಿತು. ಅದಕ್ಕೆ ಇನ್ನೂ ಹಸಿರು ಪರದೆ ಸುತ್ತಿದ್ದಾಗಲೇ ಒಂದು ದಿನ ದಿಲ್ಶಾದ್ ಎಂಬ ಹುಡುಗಿಯ ಕೂಸು ಚೀಲದಿಂದ ಇಳಿದು, ನಿಂತ ಲಾರಿಯ ಹಿಂದಿನ ಚಕ್ರದ ಬಳಿ ಕೂತು ಮಣ್ಣು ಕೆದರುತ್ತಿತ್ತು. ದಿಲ್ಶಾದ್ ಈರುಳ್ಳಿಯ ರಾಶಿಯ ಆಚೆ ಬದಿಯಲ್ಲಿದ್ದಳು. ಡ್ರೈವರು ಇಂಜಿನ್ ಹಾಕಿದ್ದ. ಅಕ್ಬರಿ ಚಾಚಿ ಕಿರುಚಿಕೊಂಡು ಓಡಿ ಹೋಗಿ ಕೂಸನ್ನು ರಟ್ಟೆ ಹಿಡಿದು ಎಳೆದಳು. ಕೂಸಿಗೆ ಏನೂ ಆಗಲಿಲ್ಲ. ಚಾಚಿಯ ಮೊಣಕೈ ತರಚಿಹೋಯಿತು.

ಮರುದಿನ ಹೆಂಗಸರೆಲ್ಲ ಕೂಡಿ ಹಸಿರು ಪರದೆ ಸರಿಸಿ, ಅಂಗಳದ ಉಕ್ಕಿನ ಕಂಬಗಳಿಗೆ ಅವ್ವ ಮಡಚಿಟ್ಟಿದ್ದ ಸೀರೆಗಳನ್ನು ಕಟ್ಟಿ, ಮಕ್ಕಳನ್ನು ಮಲಗಿಸಿದರು. ನಾನೂ ಹೋಗಿದ್ದೆ. ಕೆಲವು ಗಂಟುಗಳು ನನ್ನವು. ಶಿಸ್ತುಕ್ರಮಕ್ಕೆ ಅನುಕೂಲವಾಗಲೆಂದು ಇದನ್ನು ಸ್ಪಷ್ಟವಾಗಿ ಬರೆದಿದ್ದೇನೆ. ಕಾವಲಿಗಿದ್ದ ಸೋಮನಾಥ ಓಡಿ ಬಂದ.

“ಅಮ್ಮಾ, ಇಲ್ಲಿ ಕಟ್ಟಂಗಿಲ್ಲಮ್ಮಾ. ಸಾಹೇಬ್ರು ಬಂದ್ರೆ ನನ್ನ ಬೈತಾರೆ.”

“ಬರ್ಲಿ ಕಣಪ್ಪಾ,” ಅಂದಳು ಚಾಚಿ. “ಮಕ್ಳು ಮಲಗವ್ರೆ, ಮೆತ್ತಗೆ ಬೈಯಕ್ಕೆ ಹೇಳು.”

ಸೋಮನಾಥ ಸುತ್ತ ನೋಡಿದ. ಆಮೇಲೆ ಹೋಗಿ ಬಿಸಿಲು ಬೀಳುತ್ತಿದ್ದ ಕಡೆಗೆ ಆ ಹಸಿರು ಪರದೆಯನ್ನೇ ಎಳೆದು ಕಟ್ಟಿದ.

ಬಳಿಕ ನಡೆದದ್ದನ್ನು ನಾನು ಕಥೆಯಾಗಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಆ ಜೋಲಿಗಳ ಚಿತ್ರ ನಿಮ್ಮ ಸಂಸ್ಥೆಯ ಜಾಲತಾಣದಲ್ಲಿ ಬಂತು. ಕೆಳಗೆ ‘ಸಾರ್ವಜನಿಕ ಸ್ಥಳವನ್ನು ಸಮುದಾಯ ತನ್ನದಾಗಿಸಿಕೊಂಡ ಬಗೆ’ ಎಂಬ ಒಕ್ಕಣೆ. ಲೋಕದ ಮೂಲೆಮೂಲೆಯಿಂದ ಮೆಚ್ಚುಗೆ ಬಂತು. ಅದೇ ವಾರ ನಿಮ್ಮ ಯೋಜನಾ ಘಟಕದ ನೋಟಿಸೂ ಬಂತು: ಉದ್ಘಾಟನೆಗೆ ಗಣ್ಯರು ಬರಲಿರುವುದರಿಂದ ಕಂಬಗಳಿಗೆ ಕಟ್ಟಿರುವ ಬಟ್ಟೆಗಳನ್ನು ಕೂಡಲೇ ತೆರವುಗೊಳಿಸತಕ್ಕದ್ದು. ಚಿತ್ರ ತೆಗೆದವರಿಗೂ ನೋಟಿಸು ಬರೆದವರಿಗೂ ನಿಮ್ಮ ಕಚೇರಿಯಲ್ಲಿ ಒಂದೇ ಕಾಫಿ ಯಂತ್ರ. ಒಮ್ಮೆಯಾದರೂ ಮಾತಾಡಿಕೊಳ್ಳಬಾರದಿತ್ತೇ?

ನಾವು ತೆರವು ಮಾಡುವುದಿಲ್ಲ. ಇದು ಕೋರಿಕೆಯಲ್ಲ, ತಿಳಿವಳಿಕೆ. ಗಣ್ಯರು ಬರಲಿ, ರಿಬ್ಬನ್ನು ಕತ್ತರಿಸಲಿ. ಜೋಲಿಗಳು ಅಲ್ಲೇ ಇರುತ್ತವೆ, ಮಕ್ಕಳು ಅವುಗಳೊಳಗೆ ಇರುತ್ತಾರೆ, ನಾವು ಪಕ್ಕದಲ್ಲಿ ಇರುತ್ತೇವೆ. ಜೆಸಿಬಿ ತರುವುದಾದರೆ ಈ ಸಲ ನಾನು ಊರಿನಲ್ಲೇ ಇದ್ದೇನೆ, ಯಾವ ಕಾರ್ಯಾಗಾರಕ್ಕೂ ಹೋಗುವುದಿಲ್ಲ. ವರದಿಯಲ್ಲಿ ದಾನವ್ವ ಹೇಳಿದ್ದನ್ನು ಅವಳು ಹೇಳಿದಂತೆಯೇ ಅಚ್ಚು ಹಾಕಿಸಿ. ಆ ಅಂಗಳದ ಮಗ್ಗುಲಲ್ಲೇ ಬಾಗಿಲು, ನೀರು, ಶೌಚಾಲಯ ಇರುವ ಒಂದು ಕೋಣೆಯನ್ನು ಮಳೆಗಾಲಕ್ಕೆ ಮೊದಲು ಕಟ್ಟಿಸಿಕೊಡಿ. ಅಲ್ಲಿಯವರೆಗೆ ಆ ಕಂಬಗಳು ನಮ್ಮವು.

ಕಳಿಸುವ ಮೊದಲು ಈ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, “ಬೈದದ್ದು ಭಾಳ ಆತು, ಕೆಲಸದ ಮಾತು ಕಡಿಮಿ ಆತು. ಖೋಲಿಗಿ ಎದುರು ಬದರು ಎರಡು ಕಿಟಕಿ ಇಡ್ರಿ ಅಂತ ಬರಿ. ಹಳೇ ಖೋಲಿಯೊಳಗ ಕೂಸುಗಳು ಬೆವರಿ ಅಳ್ತಿದ್ದವು” ಅಂದಳು.

ಎರಡು ಕಿಟಕಿ, ಎದುರು ಬದುರು. ದಯವಿಟ್ಟು ಗುರುತು ಹಾಕಿಕೊಳ್ಳಿ.

ಇಂತಿ,
ಈ ಪತ್ರ ಅಚ್ಚಾಗುವ ಹೊತ್ತಿಗೂ ತಮ್ಮ ಸಿಬ್ಬಂದಿಯಾಗಿ ಉಳಿದಿದ್ದರೆ, ತಮ್ಮ ವಿಧೇಯಳಲ್ಲದ
ಪ್ರತಿಭಾ
ಗೊರಗುಂಟೆಪಾಳ್ಯ