ತೂಗದ ಮಾಂಸ

ಕುಸ್ಕೋಕ್ವಿಮ್ ಹೊಳೆ, ಅಲಾಸ್ಕಾ
ಮಾರ್ಚ್ 9

ಲೋರೇನ್ ಅಮ್ಮನವರಿಗೆ,

ನಾನು ನಾಸ್ತಾಸಿಯಾ, ನಮ್ಮೂರಿನ ವಿಮಾನಪಟ್ಟಿಯಲ್ಲಿ ಸಾಮಾನು ತೂಗಿ ಚೀಟಿ ಬರೆಯುವವಳು. ನಿಮ್ಮ ಮಗ ವೆಂಡೆಲ್‌ನ ಚೀಲ, ಟೋಪಿ ನನ್ನ ಬಳಿ ಇವೆ. ಶುಕ್ರವಾರದ ವಿಮಾನಕ್ಕೆ ಹಾಕುತ್ತೇನೆ, ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ.

ಅವನು ಹೊರಟ ದಿನ ವಿಮಾನಪಟ್ಟಿಯ ಮೇಲೆ ಗೇಣುದ್ದ ಒದ್ದೆ ಹಿಮವಿತ್ತು. ಅವನು ಓಡಿಸುತ್ತಿದ್ದ ವಿಮಾನ ಕೊನೆಯವರೆಗೂ ಓಡಿತು, ಮೇಲೇಳಲಿಲ್ಲ, ಹೊಳೆದಂಡೆಯ ಪೊದೆಗೆ ನುಗ್ಗಿತು. ನಾವು ಓಡಿಹೋಗುವಷ್ಟರಲ್ಲಿ ಅವನ ಜೀವ ಹೋಗಿತ್ತು. ತನಿಖೆಯವರು ಹಿಮವೇ ಕಾರಣ ಎಂದು ಬರೆದುಕೊಂಡು ಹೋದರು.

ಅವರಿಗೆ ನಾನು ಒಂದು ಮಾತು ಹೇಳಲಿಲ್ಲ. ನನ್ನ ಸೋದರಮಾವ ಎವಾನ್ ಮೂಸ್ ಕಡವೆ ಹೊಡೆದು, ವೆಂಡೆಲ್‌ನ ವಿಮಾನದಲ್ಲಿ ಕಳಿಸಲು ಒಂದು ಪೆಟ್ಟಿಗೆ ಮಾಂಸ ತಂದಿದ್ದರು. ನಾನು ಅದನ್ನು ತಕ್ಕಡಿಗೆ ಇಡಲು ಹೋದೆ.

"ಕೊಟ್ಟ ಮಾಂಸಾನ ತೂಗ್ತಾರೇನೇ? ನಾಚಿಕೆ ಇಲ್ವಾ ನಿಂಗೆ?" ಎಂದು ಮಾವ ಬೈದರು. ಉಡುಗೊರೆಯ ಮಾಂಸವನ್ನು ನಮ್ಮಲ್ಲಿ ಯಾರೂ ತೂಗುವುದಿಲ್ಲ.

ವೆಂಡೆಲ್ ನಕ್ಕ. "ಬಿಡಕ್ಕಾ, ಮೂಸೂ ಒಂದ್ಸಲ ಹಾರ್ಲಿ."

ನಾನು ತೂಗದೆ ವಿಮಾನಕ್ಕೆ ಹಾಕಿಸಿದೆ, ಚೀಟಿಯಲ್ಲೂ ಬರೆಯಲಿಲ್ಲ. ತನಿಖೆಯವರು ಬರುವ ಮೊದಲೇ, ಮಾಂಸ ಹಾಳಾಗಬಾರದೆಂದು ನಮ್ಮವರು ಪೆಟ್ಟಿಗೆಯನ್ನು ವಿಮಾನದಿಂದ ಹೊತ್ತು ತಂದಿದ್ದರು. ತನಿಖೆಯವರು ಚೀಟಿಯನ್ನಷ್ಟೇ ನೋಡಿದರು.

ನಿನ್ನೆ ಬಾಗಿಲು ಹಾಕಿಕೊಂಡು ಆ ಪೆಟ್ಟಿಗೆಯನ್ನು ತೂಗಿದೆ. ನೂರೈವತ್ತೆರಡು ಪೌಂಡು, ಚೀಟಿಯಲ್ಲಿಲ್ಲದ ಇನ್ನೊಬ್ಬ ಮನುಷ್ಯನಷ್ಟು ಭಾರ. ಈ ಪತ್ರವನ್ನು ತನಿಖೆಯವರಿಗೆ ಕೊಡುವುದು ಬಿಡುವುದು ನಿಮ್ಮ ಇಷ್ಟ.

ಪೆಟ್ಟಿಗೆ ಎಲ್ಲೂ ಒಡೆದಿಲ್ಲ. ಮುಚ್ಚಳದ ಮೇಲೆ ಮಾವನ ಕೈಬರಹದಲ್ಲಿ ನಿಮ್ಮ ಹೆಸರಿದೆ. ಕಳಿಸಲೇ ಅಮ್ಮಾ?

ನಾಸ್ತಾಸಿಯಾ