ತವರಿಗೆ ಬಂದ ಹೊಲಿಗೆ ಯಂತ್ರಕ್ಕೆ ಸುಂಕವೇ?

ಗಡಿ ಸುಂಕದ ಮುಖ್ಯಾಧಿಕಾರಿಗಳೇ,

ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂದು ಹಿರಿಯರು ಎಚ್ಚರಿಸಿದ್ದಾರೆ. ಆದರೂ ಹೇಳುತ್ತೇನೆ. ನನ್ನ ಹೆಂಡತಿಯ ಹೊಲಿಗೆ ಯಂತ್ರ ನಿಮ್ಮ ಉಗ್ರಾಣದಲ್ಲಿ ಕೂತಿದೆ. ವಿದೇಶಿ ಮಾಲೆಂದು ಅದನ್ನು ಹಿಡಿದವರು ನಿಮ್ಮವರು. ಅದು ಹುಟ್ಟಿದ್ದು ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದ ಕಾರ್ಖಾನೆಯಲ್ಲಿ!

ನನ್ನ ಗುರುತು ತಮಗಿರಬೇಕು. ತಮ್ಮ ಇಲಾಖೆಯ ಘೋಷವಾಕ್ಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದ ಬಸ್ ನಿಲ್ದಾಣದ ಟಿಕೆಟ್ ಗುಮಾಸ್ತ ನಾನು. ‘ನಮ್ಮೂರ ಯಂತ್ರ, ನಮ್ಮೇಳಿಗೆಯ ಮಂತ್ರ.’ ಅಂದು ಕೈಕುಲುಕಿ, ‘ಹೊರಗಿನ ಯಂತ್ರಗಳ ಮೇಲೆ ಸುಂಕ ಏರಿಸುತ್ತಿದ್ದೇವೆ. ನಿಮ್ಮೂರ ಕಾರ್ಖಾನೆಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ’ ಎಂದಿರಿ. ನಂಬಿದೆ. ಪ್ರಾಸ ಕೂಡಿದರೆ ಸಾಕು, ಏನನ್ನು ಬೇಕಾದರೂ ನಂಬುವ ಪೈಕಿ ನಾನು.

ಆ ಕಾರ್ಖಾನೆಯಲ್ಲಿ ನನ್ನ ಹೆಂಡತಿ ಯಂತ್ರ ಪರೀಕ್ಷಿಸುವ ಕೆಲಸಕ್ಕಿದ್ದಳು. ಪೆಟ್ಟಿಗೆಗೆ ಸೇರಿಸುವ ಮುಂಚೆ ಪ್ರತಿ ಯಂತ್ರದಲ್ಲೂ ಒಂದು ಬಟ್ಟೆ ತುಂಡಿನ ಮೇಲೆ ನಾಲ್ಕು ಸಾಲು ಹೊಲಿದು, ಆ ತುಂಡನ್ನು ಸೂಜಿಯ ಕೆಳಗೇ ಬಿಡುವುದು ಅಲ್ಲಿನ ಪದ್ಧತಿ. ಉಳಿದವರು ನೇರ ಹೊಲಿಗೆ ಹಾಕಿ ಏಳುತ್ತಿದ್ದರು. ಇವಳು ಕೊನೆಯಲ್ಲಿ ಬಸವನಹುಳುವಿನಂಥ ಒಂದು ಸುಳಿ ಹಾಕುತ್ತಿದ್ದಳು. ‘ಹೋದ್ ಮನೇಲಿ ಚೆನ್ನಾಗಿರ್ಲಿ ಅಂತ ಕಣ್ರೀ’ ಎನ್ನುತ್ತಿದ್ದಳು. ಹೋದ ವರ್ಷ ಆ ಕೆಲಸಕ್ಕೂ ಒಂದು ಯಂತ್ರ ಬಂತು, ಇವಳು ಮನೆಗೆ ಬಂದಳು. ಪಕ್ಕದ ಶಾಲೆಯವರು ಸಮವಸ್ತ್ರ ಹೊಲಿಯುವ ಕೆಲಸ ಕೊಟ್ಟರು. ಬೇಕಾದದ್ದು ಸ್ವಂತದ್ದೊಂದು ಯಂತ್ರ. ನಮ್ಮೂರ ಅಂಗಡಿಯಲ್ಲಿ ಬೆಲೆ ಕೇಳಿ, ಅಷ್ಟೊಂದು ಯಂತ್ರಗಳನ್ನು ಪಳಗಿಸಿ ಕಳಿಸಿದವಳು ಒಂದನ್ನೂ ಮುಟ್ಟದೆ ಹಿಂತಿರುಗಿದಳು.

ಗಡಿಯಾಚೆಯ ಪೇಟೆಯಲ್ಲಿ ಅದೇ ಯಂತ್ರಕ್ಕೆ ಅರ್ಧ ಬೆಲೆ. ಇದೇನು ಮಾಯೆ ಎಂದು ಅಂಗಡಿಯವನನ್ನು ಕೇಳಿದೆ.

‘ಮಾಯೆ ಎಲ್ಲಿಂದ ಬಂತಣ್ಣ? ಇಲ್ಲಿ ಐದು ಕಂಪನಿ ಕಿತ್ತಾಡ್ತವೆ. ನಿಮ್ಮವ್ರು ಬೆಲೆ ಏರಿಸಿದ್ರೆ ನಾನು ನೊಣ ಹೊಡೀತಾ ಕೂರ್ಬೇಕು. ನಿಮ್ಮಲ್ಲಿ ಬೇರೆಯವ್ರು ಬರದ ಹಾಗೆ ಬೇಲಿ ಹಾಕಿದಾರೆ. ಬೇಲಿಯೊಳಗಿನ ಕುರಿ ಹೇಳಿದ್ ಬೆಲೆ ಕೊಡ್ದೆ ಎಲ್ಲಿಗೆ ಹೋಗುತ್ತೆ?’

ಕುರಿ ಜೇಬಿನಿಂದ ದುಡ್ಡು ತೆಗೆದು ಎಣಿಸತೊಡಗಿತು. ಅಷ್ಟರಲ್ಲಿ ಹೆಂಡತಿ ಪೆಟ್ಟಿಗೆ ಬಿಚ್ಚಿ, ‘ರೀ, ಇದು ನಮ್ದೇ ಕಣ್ರೀ!’ ಎಂದು ಕೂಗಿದಳು. ಸೂಜಿಯ ಕೆಳಗಿನ ತುಂಡಿನಲ್ಲಿ ಅವಳ ಬಸವನಹುಳು ಇತ್ತು.

ನಿಮ್ಮ ಚೌಕಿಯಲ್ಲಿ ಆ ತುಂಡನ್ನೇ ಸಿಬ್ಬಂದಿಯ ಮುಂದೆ ಹಿಡಿದಳು. ‘ನೋಡಿ ಸಾರ್, ಈ ಸುಳಿ ನನ್ ಕೈದು. ಇದು ಹೇಗೆ ವಿದೇಶಿ ಆಗುತ್ತೆ?’

‘ಇರ್ಬೋದಮ್ಮ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತಾರಲ್ಲ, ಹಾಗೇ ಇದು. ಸುಂಕ ಕಟ್ಟಿ ಕರ್ಕೊಂಡ್ ಹೋಗಿ.’

ಆ ಸುಂಕ ಸೇರಿಸಿದರೆ ನಮ್ಮೂರ ಬೆಲೆಯೇ ಅಗ್ಗ. ಆತನ ಬೆನ್ನ ಹಿಂದಿನ ಗೋಡೆಯಲ್ಲಿ ನನ್ನ ಪ್ರಾಸ, ಆಳೆತ್ತರದ ಅಕ್ಷರಗಳಲ್ಲಿ. ಹೆಂಡತಿ ಅದನ್ನು ಓದಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಾನ್ಯರೇ, ತಾವು ಯಾರಿಂದ ಯಾರನ್ನು ಕಾಯುತ್ತಿದ್ದೀರಿ? ಕಾರ್ಖಾನೆ ಆಚೆಯವರಿಗೆ ಬಿಟ್ಟುಕೊಟ್ಟ ಲಾಭವನ್ನು ಈಚೆಯವರ ಜೇಬಿನಿಂದ ಕೀಳುತ್ತದೆ, ನಾವು ತಪ್ಪಿಸಿಕೊಳ್ಳದಂತೆ ಬಾಗಿಲು ಕಾಯುವವರು ತಾವು. ಕೆಲಸ ಉಳಿಯಲೆಂದು ದುಬಾರಿಯನ್ನು ಸಹಿಸಿದೆವು. ಕೆಲಸ ಉಳಿಯಿತೇ? ಹೊರಗಿನವರಿಗೆ ರಿಯಾಯಿತಿ, ಮನೆಯವರಿಗೆ ಫಜೀತಿ! ಪ್ರಾಸಕ್ಕೆ ಕ್ಷಮೆಯಿರಲಿ, ಹುಟ್ಟುಗುಣ.

ಶಾಲೆ ತೆರೆಯುವ ಮುನ್ನ ಯಂತ್ರವನ್ನು ಸುಂಕವಿಲ್ಲದೆ ಬಿಡಿ. ತಡವಾದರೆ ಸಮವಸ್ತ್ರದ ಕೆಲಸ ಬೇರೆಯವರ ಪಾಲಾಗುತ್ತದೆ. ಬಿಡಲು ಆಗದಿದ್ದರೆ ಗೋಡೆಯ ಮೇಲಿನ ನನ್ನ ಸಾಲನ್ನು ಅಳಿಸಿ. ಸುಣ್ಣ ನಾನೇ ತರುತ್ತೇನೆ. ಅದೂ ನಮ್ಮಲ್ಲಿ ದುಬಾರಿಯೇ, ಆದರೂ ತರುತ್ತೇನೆ.

ಇದನ್ನು ಬರೆಯುವಾಗ ಹೆಂಡತಿ ಪಕ್ಕದಲ್ಲಿ ಕೂತು ಪುಟ್ಟ ಅಂಗಿಯೊಂದನ್ನು ಕೈಯಲ್ಲೇ ಹೊಲಿಯುತ್ತಿದ್ದಾಳೆ. ಸಾಲಿನ ಕೊನೆಯಲ್ಲಿ ಸುಳಿ ಹಾಕುತ್ತಿಲ್ಲ.

ಇಂತಿ,
ತಮ್ಮ ಗೋಡೆಯ ಕವಿ,
ತಮ್ಮ ಬೇಲಿಯ ಕುರಿ