ಇಂಚರ ಹೇಳಿದ ಹೆಸರು

ಕವನಾ,

ದುರ್ಗಿಗುಡಿಯ ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಇವತ್ತು ನಾಟಕಕ್ಕೆ ಆಯ್ಕೆಯಾಗದ ಹುಡುಗಿಯೊಬ್ಬಳು ಮೆಟ್ಟಿಲ ಕೆಳಗೆ ಕೂತು ಅಳುತ್ತಿದ್ದಳು. ಹೆಸರು ಇಂಚರ.

"ಅಮ್ಮಂಗೆ ಫೋನ್ ಮಾಡ್ಲೇನೇ?" ಎಂದೆ.

"ಅಮ್ಮ ತೀರ್ಕೊಂಡ್ಬಿಟ್ರು ಮಿಸ್, ಯುಗಾದಿಗೆ ಮುಂಚೆ."

ಅಮ್ಮನ ಹೆಸರು ಕೇಳಿದೆ.

"ಕವನಾ. ಭದ್ರಾವತಿ ಥ್ರೋಬಾಲ್ ಟೀಮಲ್ಲಿ ಆಡ್ತಿದ್ರು."

ನಾನೂ ಅವಳ ಪಕ್ಕದಲ್ಲೇ ಮೆಟ್ಟಿಲ ಕೆಳಗೆ ಕೂತೆ. ನನಗೆ ಯಾರೂ ತಿಳಿಸಿರಲಿಲ್ಲ. ಯಾಕಾದರೂ ತಿಳಿಸುತ್ತಾರೆ? ನಾವಿಬ್ಬರೂ ಮಾತು ಬಿಟ್ಟಿದ್ದು ನಮ್ಮ ಟೀಮಿನ ಎಲ್ಲರಿಗೂ ಗೊತ್ತಿತ್ತಲ್ಲ.

"ನಿಮಗೆ ಅಮ್ಮ ಗೊತ್ತಾ ಮಿಸ್?"

"ಮ್ಯಾಚ್ ಸೋತಾಗೆಲ್ಲ ಹೀಗೇ ಬಚ್ಚಿಟ್ಕೊಂಡು ಅಳ್ತಿದ್ಲು. ನಾನೇ ಹೋಗಿ ಕರ್ಕೊಂಡ್ ಬರ್ತಿದ್ದೆ."

ನಿನ್ನ ಮಗಳು ಮೂಗು ಒರೆಸಿಕೊಂಡು ಕೈ ಚಾಚಿದಳು. "ಹಂಗಾದ್ರೆ ನನ್ನೂ ಕರ್ಕೊಂಡ್ ಹೋಗಿ."

ಆ ಕೈ ಹಿಡಿದುಕೊಂಡೆ, ಆದರೆ ಏಳಲಿಲ್ಲ ಕಣೇ. ಅವಳೇ ಎಳೆದು ಎಬ್ಬಿಸಿದಳು.